ತೂಕಕ್ಕಿಂತ ಸೊಂಟದ ಸುತ್ತಳತೆ ಮುಖ್ಯ

ರವಿಕೆ ಬಿಗಿಯಾಯ್ತು ಅಂತ ಹೊಲಿಗೆ ಬಿಚ್ಚಿಸುವ ಮೊದಲು ಟೇಪು ಹಿಡಿಯಿರಿ. ಉಸಿರು ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ ಇದು 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದ್ರೋಗದ ಅಪಾಯ ಹೆಚ್ಚು.

ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬು ಮಾತ್ರ ಕರಗೋದಿಲ್ಲ. ಇಡೀ ಮೈ ದುಡಿಯಬೇಕು. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.

ನಡಿಗೆಯೊಂದೇ ಸಾಲದು. 60 ಕೆ.ಜಿ. ತೂಕದವರು ಅರ್ಧ ಗಂಟೆ ನಡೆದರೆ ಖರ್ಚಾಗುವುದು ಸುಮಾರು 120 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಅಷ್ಟಿದೆ! ಒಗ್ಗರಣೆಗೆ ಎಣ್ಣೆ ಸುರಿಯದೆ ಅಳೆದು ಹಾಕಿ. ಅನ್ನ ತಗ್ಗಿಸಿ, ಪಲ್ಯ, ಕೋಸಂಬರಿ ಹೆಚ್ಚಿಸಿ. ಮಕ್ಕಳು ಬಿಟ್ಟದ್ದನ್ನು 'ವೇಸ್ಟ್ ಆಗುತ್ತಲ್ಲ' ಅಂತ ಬಾಯಿಗೆ ಹಾಕ್ಕೋಬೇಡಿ. ತಿಂಗಳಿಗೆ ಎರಡು ಕೆ.ಜಿ. ಇಳಿದರೂ ಸಾಕು, ಅವಸರ ಬೇಡ.