ಪುಕ್ಕಟೆ ಓದಿಗೂ ಬೀಗ ಹಾಕಬಹುದು

ಪುಕ್ಕಟೆಯಾಗಿ ಇಂಟರ್‌ನೆಟ್ ಕೊಡುವ ಕಂಪನಿಗೆ ನಾವು ಓದುತ್ತಿರುವುದು ಕಾಣಲೇಬೇಕು, ಕಾಣದಿದ್ದರೆ ಅದು ಯಾವುದಕ್ಕೆ ದುಡ್ಡು ಹಿಡಿಯಬೇಕು, ಯಾವುದಕ್ಕೆ ಬಿಡಬೇಕು ಎಂದು ತಿಳಿಯುವುದಾದರೂ ಹೇಗೆ? ಕೇಳಿದೊಡನೆ ಸರಿ ಎನ್ನಿಸುವ ಈ ನಂಬಿಕೆ ಸಾಮಾನ್ಯ ಬಳಕೆದಾರರದ್ದಷ್ಟೇ ಆಗಿರಲಿಲ್ಲ. 2015ರ ಮೇ ತಿಂಗಳಲ್ಲಿ ಫೇಸ್‌ಬುಕ್ ಕೆಲವು ತಾಣಗಳನ್ನು ಪುಕ್ಕಟೆ ನೋಡಲು ಬಿಡುವ ತನ್ನ ಇಂಟರ್‌ನೆಟ್.ಆರ್ಗ್ ಯೋಜನೆಗೆ ಸೇರಬಯಸುವ ಜಾಲತಾಣಗಳಿಗೆ ಹಾಕಿದ ಷರತ್ತುಗಳಲ್ಲಿ ಓದುವುದಕ್ಕೆ ಬೀಗ ಹಾಕಿ ಕಳಿಸುವ ಎಚ್‌ಟಿಟಿಪಿಎಸ್ ಬಳಸಕೂಡದು ಎಂಬುದೂ ಒಂದು. ಮರು ತಿಂಗಳೇ, ಜೂನ್ 12ರಂದು, ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಷನ್ ತನ್ನ ಎಲ್ಲ ತಾಣಗಳನ್ನೂ ಎಚ್‌ಟಿಟಿಪಿಎಸ್‌ಗೆ ಒಯ್ಯುತ್ತಿರುವುದಾಗಿ ಪ್ರಕಟಿಸಿತು. ಡೇಟಾ ಶುಲ್ಕವಿಲ್ಲದೆ ಓದಲು ಬಿಡುವ ಅದರ 'ವಿಕಿಪೀಡಿಯ ಜೀರೋ' 2012ರಿಂದ ನಡೆಯುತ್ತಿತ್ತು. ಭಾರತದಲ್ಲಿ 2013ರಲ್ಲಿ ಏರ್‌ಸೆಲ್ ಅದಕ್ಕೆ ಕೈಜೋಡಿಸಿತ್ತು. ಎರಡೂ ಯೋಜನೆಗಳು ಹೇಳಿಕೊಂಡ ಉದ್ದೇಶ ಹೆಚ್ಚುಕಡಿಮೆ ಒಂದೇ, ತೀರ್ಮಾನ ಮಾತ್ರ ತದ್ವಿರುದ್ಧ.

ಯಾರ ಲೆಕ್ಕ ಸರಿ ಎಂದು ನೋಡಲು ಮೊಬೈಲ್ ಕಂಪನಿಯ ಕಣ್ಣಿಗೆ ಬೀಳುವುದೇನು ಎಂಬುದನ್ನು ಬಿಡಿಸಿ ನೋಡಬೇಕು. ಹಳೆಯ ಎಚ್‌ಟಿಟಿಪಿಯಲ್ಲಿ ಯಾವ ತಾಣ, ಅದರಲ್ಲಿ ಯಾವ ಲೇಖನ, ಲೇಖನದ ಅಕ್ಷರಕ್ಷರ ಎಲ್ಲವೂ ಬಯಲು. ಎಚ್‌ಟಿಟಿಪಿಎಸ್‌ನಲ್ಲಿ ಲೇಖನದ ಹೆಸರೂ ಒಡಲೂ ಮುಚ್ಚಿಹೋಗುತ್ತವೆ; ಆದರೆ ಡೇಟಾ ಹೋಗುತ್ತಿರುವ ಸರ್ವರಿನ ಐಪಿ ವಿಳಾಸ ಮುಚ್ಚುವುದಿಲ್ಲ, ಸಂಪರ್ಕ ಶುರುವಾಗುವಾಗ ಫೋನು ಹೇಳುವ ತಾಣದ ಹೆಸರೂ ಸಾಮಾನ್ಯವಾಗಿ ಕಾಣುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ಒಬ್ಬರು ಕ್ಷಯರೋಗದ ಬಗ್ಗೆ ಓದಿದರು ಎಂದಿಟ್ಟುಕೊಳ್ಳಿ. ಕನ್ನಡ ವಿಕಿಪೀಡಿಯಕ್ಕೆ ಹೋಗಿದ್ದರು, ಇಷ್ಟು ಕೆಬಿ ಬಳಸಿದರು ಎಂಬುದು ಕಂಪನಿಗೆ ಗೊತ್ತಾಗುತ್ತದೆ. ಕ್ಷಯ ಎಂಬುದು ಗೊತ್ತಾಗುವುದಿಲ್ಲ. ಬಿಲ್ಲು ಹಾಕದಿರಲು ಅಷ್ಟೇ ಸಾಕು. ನಮ್ಮ ಸಾರಿಗೆ ಬಸ್ಸುಗಳಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿಯುವ ಕಂಡಕ್ಟರ್ ಎಲ್ಲಿಂದ ಎಲ್ಲಿಗೆ ಎಂದು ಕೇಳುತ್ತಾರೆಯೇ ಹೊರತು ಕೈಚೀಲ ಬಿಚ್ಚಿಸುವುದಿಲ್ಲ.

ಇದರಲ್ಲಿ ತೊಡಕೇ ಇರಲಿಲ್ಲ ಎಂದರೆ ಅದೂ ಸುಳ್ಳಾದೀತು. ಪುಟದ ಪೂರ್ತಿ ವಿಳಾಸ (ಯುಆರ್‌ಎಲ್) ಓದಿ ಲೆಕ್ಕ ಹಾಕುವಂತೆ ತಮ್ಮ ಯಂತ್ರಗಳನ್ನು ಹೊಂದಿಸಿಕೊಂಡಿದ್ದ ಕಂಪನಿಗಳು ಐಪಿ ವಿಳಾಸದ ಪಟ್ಟಿಗೆ ಬದಲಾಗಬೇಕಿತ್ತು. ಒಪೇರಾ ಮಿನಿಯಂಥ ಬ್ರೌಸರಿನಲ್ಲಿ ಪುಟ ಒಪೇರಾದ ಸರ್ವರ್ ಬಳಸಿಕೊಂಡು ಬರುವುದರಿಂದ ಅದಕ್ಕೆ ಬೇರೆಯೇ ಏರ್ಪಾಡು ಬೇಕು. ಇವೆಲ್ಲ ಎಂಜಿನಿಯರುಗಳ ಕೆಲಸ ಹೆಚ್ಚಿಸುವ ಸಂಗತಿಗಳು, ಅಸಾಧ್ಯವಾದವಲ್ಲ.

ಮುಂದಿನ ಆಕ್ಷೇಪ ಇನ್ನೂ ಜನಪ್ರಿಯ: ವಿಶ್ವಕೋಶದಲ್ಲಿ ಗುಟ್ಟೇನಿದೆ, ಬ್ಯಾಂಕಿನ ಖಾತೆಯೇ? ಲೇಖನ ಗುಟ್ಟಲ್ಲ ನಿಜ. ಅದನ್ನು ಇಂಥವರು ಓದಿದರು ಎಂಬುದು ಗುಟ್ಟು. ಗರ್ಭಪಾತ, ಎಚ್‌ಐವಿ, ಒಂದು ನಿಷೇಧಿತ ಪಕ್ಷ, ಇಂಥ ಪುಟಗಳನ್ನು ಓದಿದವರ ಪಟ್ಟಿ ಯಾರದೋ ಕೈಯಲ್ಲಿದ್ದರೆ ಆಗುವ ಕೇಡನ್ನು ವಿವರಿಸಬೇಕಿಲ್ಲ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ಅಮೆರಿಕದ ಬೇಹುಗಾರಿಕೆ ದಾಖಲೆಗಳಲ್ಲಿ ಎಚ್‌ಟಿಟಿಪಿ ಏಕೆ ಉಪಯುಕ್ತ ಎಂದು ಹೇಳುವ ಒಂದು ಚಿತ್ರದಲ್ಲಿ ವಿಕಿಪೀಡಿಯದ ಲಾಂಛನವೂ ಇತ್ತು. ಬೀಗದ ಇನ್ನೊಂದು ಕೆಲಸವನ್ನು ನಾವು ಮರೆತೇಬಿಡುತ್ತೇವೆ: ಓದುವುದನ್ನು ತಡೆಯುವಂತೆಯೇ ತಿದ್ದುವುದನ್ನೂ ಅದು ತಡೆಯುತ್ತದೆ. 2015ರ ಜೂನ್‌ನಲ್ಲಿ ಬೆಂಗಳೂರಿನ ತಂತ್ರಜ್ಞರೊಬ್ಬರು ಏರ್‌ಟೆಲ್ 3ಜಿಯಲ್ಲಿ ಪುಟ ತೆರೆದಾಗ ಅದರೊಳಗೆ ತಾಣದ ಒಡೆಯರು ಬರೆಯದ ಜಾವಾಸ್ಕ್ರಿಪ್ಟ್ ಸೇರಿಕೊಂಡಿರುವುದನ್ನು ಪತ್ತೆಹಚ್ಚಿದರು. ಡೇಟಾ ಬಳಕೆ ತಿಳಿಸಲು ಮಾಡಿದ್ದು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಉದ್ದೇಶ ಏನೇ ಇರಲಿ, ದಾರಿಯಲ್ಲಿ ಕೋಡ್ ತೂರಿಸಲು ಆಗುವುದಾದರೆ ಔಷಧದ ಲೇಖನದಲ್ಲಿ ಒಂದು ಅಂಕಿ ಬದಲಿಸಲೂ ಆಗುತ್ತದೆ. ಹಣ ಕೊಟ್ಟು ಓದುವವರಿಗೆ ಈ ರಕ್ಷಣೆ ಇರಲಿ, ಪುಕ್ಕಟೆ ಓದುವವರಿಗೆ ಬೇಡ ಎನ್ನುವುದು ಯಾವ ನ್ಯಾಯ?

ಹಾಗೆಂದು ಬೀಗದ ಚಿತ್ರ ಕಂಡೊಡನೆ ನಿಶ್ಚಿಂತರಾಗುವುದೂ ತಪ್ಪು ಕಲ್ಪನೆಯೇ. ಟೀಕೆ ಜೋರಾದ ಮೇಲೆ, 2015ರ ಸೆಪ್ಟೆಂಬರಿನಲ್ಲಿ, ಫೇಸ್‌ಬುಕ್ ಯೋಜನೆಯ ಹೆಸರನ್ನು ಫ್ರೀ ಬೇಸಿಕ್ಸ್ ಎಂದು ಬದಲಿಸಿ ಎಚ್‌ಟಿಟಿಪಿಎಸ್‌ಗೂ ಅವಕಾಶ ಕೊಟ್ಟಿತು. ಆದರೆ ಅದರ ಮೊಬೈಲ್ ಜಾಲತಾಣದಲ್ಲಿ ಮಾಹಿತಿ ಫೇಸ್‌ಬುಕ್‌ನ ಸರ್ವರಿನಲ್ಲಿ ಸ್ವಲ್ಪ ಹೊತ್ತು ಬಿಚ್ಚಿಕೊಂಡು, ಮತ್ತೆ ಮುಚ್ಚಿಕೊಂಡು ಮುಂದೆ ಹೋಗುತ್ತಿತ್ತು. ಇದನ್ನು ಕಂಪನಿಯೇ ಹೇಳಿಕೊಂಡಿತ್ತು. ಫೋನಿನಲ್ಲಿ ಕಾಣುವ ಬೀಗ ವಿಕಿಪೀಡಿಯದಲ್ಲೂ ಇಲ್ಲೂ ಒಂದೇ ಥರದ್ದು. ಅದು ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ, ಅದನ್ನು ಕೇಳುವವರು ಕಡಿಮೆ.

ಅಗ್ಗದ ಫೋನು, ನಿಧಾನದ 2ಜಿ, ಇವುಗಳಿಗೆ ಎನ್‌ಕ್ರಿಪ್ಷನ್ ಹೊರೆಯಾಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಪುಟ ಕೇಳುವ ಮೊದಲೇ ಬೀಗ ಹೊಂದಿಸಲೆಂದು ಫೋನು ಮತ್ತು ಸರ್ವರ್ ನಡುವೆ ಎರಡು ಸುತ್ತು ಮಾತುಕತೆ ಆಗಬೇಕಿತ್ತು. ಒಂದೊಂದು ಸುತ್ತಿಗೆ ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುವ ಜಾಲದಲ್ಲಿ ಆ ಕಾಯುವಿಕೆ ಬೆರಳಿಗೆ ತಿಳಿಯುತ್ತದೆ. ಆದರೆ ಇದು ಸಂಪರ್ಕ ಶುರುವಾಗುವಾಗ ಆಗುವ ಖರ್ಚು, ಪ್ರತಿ ಸಾಲಿಗೂ ತಗಲುವುದಲ್ಲ. ಎಚ್‌ಟಿಟಿಪಿಎಸ್ ಬಳಸುವ ಎನ್‌ಕ್ರಿಪ್ಷನ್ ವಿಧಾನದ 2018ರ ಆವೃತ್ತಿ ಟಿಎಲ್‌ಎಸ್ 1.3 ಅದನ್ನೂ ಒಂದು ಸುತ್ತಿಗೆ ಇಳಿಸಿತು. ತೀರಾ ಹಳೆಯ ಫೋನುಗಳು ಹೊಸ ಬೀಗ ತೆರೆಯಲಾಗದೆ ಹೊರಗುಳಿದದ್ದು ನಿಜವಾದ ನಷ್ಟ, ಅದಕ್ಕೆ ಸುಲಭದ ಉತ್ತರವಿಲ್ಲ.

ಬೀಗ ಹಾಕಿದರೆ ಕಳ್ಳದಾರಿಗೆ ಅನುಕೂಲ ಎನ್ನುವವರು ಅಂಗೋಲಾದ ಉದಾಹರಣೆ ಕೊಡುತ್ತಾರೆ. 2016ರಲ್ಲಿ ಅಲ್ಲಿ ಸಿನಿಮಾ ಫೈಲುಗಳನ್ನು ಫೌಂಡೇಷನ್ನಿನ ಚಿತ್ರ-ವಿಡಿಯೊ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ ಪುಕ್ಕಟೆ ಇಳಿಸಿಕೊಳ್ಳುವ ಚಾಳಿ ಸುದ್ದಿಯಾಯಿತು. ಆದರೆ ಆ ಫೈಲುಗಳು ಕಾಮನ್ಸ್‌ನಲ್ಲೇ ಕುಳಿತಿದ್ದವು. ಅವನ್ನು ಹುಡುಕಿ ಅಳಿಸಿದವರು ಅಲ್ಲಿನ ಸ್ವಯಂಸೇವಕರು, ಅದಕ್ಕೆ ಓದುಗರ ಸಂಪರ್ಕವನ್ನು ಯಾರೂ ಕದ್ದು ನೋಡಬೇಕಾಗಿರಲಿಲ್ಲ. ಇನ್ನು ಈ ಪುಕ್ಕಟೆ ಯೋಜನೆಗಳನ್ನು ಬೀಗವೇ ಕೊಂದಿತು ಎಂಬ ಮಾತಿಗೂ ಆಧಾರವಿಲ್ಲ. 2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಭಾರತದಲ್ಲಿ ಇಂಥವನ್ನು ತಡೆದದ್ದು ಏನು ಓದುತ್ತೇವೆ ಎಂಬುದರ ಮೇಲೆ ಡೇಟಾ ದರ ಬದಲಾಗಬಾರದು ಎಂಬ ಕಾರಣಕ್ಕೆ. 72 ದೇಶಗಳಿಗೆ ಹಬ್ಬಿದ್ದ ವಿಕಿಪೀಡಿಯ ಜೀರೋವನ್ನು 2018ರಲ್ಲಿ ನಿಲ್ಲಿಸುವಾಗ ಫೌಂಡೇಷನ್ ಹೇಳಿದ್ದು ಮೊಬೈಲ್ ಕಂಪನಿಗಳ ಆಸಕ್ತಿ ಕುಗ್ಗಿದ್ದನ್ನು ಮತ್ತು ಡೇಟಾ ದರ ಬದಲಾದದ್ದನ್ನು.