ಜಠರದ ಜಿಸ್ಟ್ ಗಡ್ಡೆ

ಜಿಸ್ಟ್ (ಗ್ಯಾಸ್ಟ್ರೊಇಂಟೆಸ್ಟೈನಲ್ ಸ್ಟ್ರೋಮಲ್ ಟ್ಯೂಮರ್) ಜೀರ್ಣನಾಳದ ಗೋಡೆಯಲ್ಲಿ ಹುಟ್ಟುವ ಅಪರೂಪದ ಗಡ್ಡೆ. ಇಂತಹ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಜಠರದಲ್ಲಿಯೇ ಕಂಡುಬರುತ್ತವೆ. ಸಾಮಾನ್ಯ ಜಠರ ಕ್ಯಾನ್ಸರ್ ಒಳಪೊರೆಯಲ್ಲಿ ಆರಂಭವಾದರೆ, ಜಿಸ್ಟ್ ಅದರ ಕೆಳಗಿನ ಪದರಗಳಲ್ಲಿ ಬೆಳೆಯುತ್ತದೆ. ಹಿಂದೆ ಇದನ್ನು ಸ್ನಾಯುವಿನ ಗಡ್ಡೆಯೆಂದೇ ಭಾವಿಸಲಾಗುತ್ತಿತ್ತು. 1998ರಲ್ಲಿ ಜಪಾನಿನ ಸಂಶೋಧಕರು ಇದರಲ್ಲಿ ಕಿಟ್ ಎಂಬ ಜೀನಿನ ರೂಪಾಂತರವನ್ನು ಗುರುತಿಸಿದ ಮೇಲೆ ಇದು ಬೇರೆಯೇ ರೋಗವೆಂಬುದು ಖಚಿತವಾಯಿತು.

ರೋಗನಿರ್ಣಯ

ಚಿಕ್ಕ ಗಡ್ಡೆಗೆ ಸಾಮಾನ್ಯವಾಗಿ ಲಕ್ಷಣಗಳಿರುವುದಿಲ್ಲ. ಬೆಳೆದಂತೆ ಹೊಟ್ಟೆನೋವು, ಕಪ್ಪು ಮಲ, ರಕ್ತಹೀನತೆ ಕಾಣಿಸಿಕೊಳ್ಳಬಹುದು. ಎಂಡೋಸ್ಕೋಪಿಯಲ್ಲಿ ಇದು ಒಳಪೊರೆಯ ಅಡಿಯ ಉಬ್ಬಿನಂತೆ ತೋರುತ್ತದೆ. ಮೇಲ್ಪದರದಿಂದ ತೆಗೆದ ತುಣುಕಿನಲ್ಲಿ ರೋಗ ಪತ್ತೆಯಾಗದೆ ಹೋಗಬಹುದು. ಆದ್ದರಿಂದ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೆರವಿನಿಂದ ಸೂಜಿಯ ಮೂಲಕ ಆಳದ ಅಂಗಾಂಶವನ್ನು ಪಡೆಯಲಾಗುತ್ತದೆ. ಅದರಲ್ಲಿ ಸಿಡಿ117, ಡಾಗ್1 ಎಂಬ ಪ್ರೋಟೀನುಗಳು ಕಂಡುಬಂದರೆ ರೋಗನಿರ್ಣಯ ದೃಢಪಡುತ್ತದೆ. ಗಡ್ಡೆಯ ಗಾತ್ರವನ್ನೂ ಅದು ಯಕೃತ್ತಿಗೆ ಹರಡಿದೆಯೇ ಎಂಬುದನ್ನೂ ಸಿ.ಟಿ. ಸ್ಕ್ಯಾನ್ ತಿಳಿಸುತ್ತದೆ.

ಶಸ್ತ್ರಚಿಕಿತ್ಸೆ

ಹರಡದ ಗಡ್ಡೆಗೆ ಶಸ್ತ್ರಚಿಕಿತ್ಸೆಯೇ ಮುಖ್ಯ ಪರಿಹಾರ. ಜಿಸ್ಟ್ ದುಗ್ಧರಸ ಗ್ರಂಥಿಗಳಿಗೆ ಹರಡುವುದು ವಿರಳವಾದುದರಿಂದ ಅವುಗಳನ್ನು ತೆಗೆಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಗಡ್ಡೆಯನ್ನು ಸುತ್ತಲಿನ ತುಸು ಆರೋಗ್ಯಕರ ಅಂಗಾಂಶದೊಡನೆ ಕತ್ತರಿಸಿ ತೆಗೆದು, ಜಠರದ ಉಳಿದ ಭಾಗವನ್ನು ಹೊಲಿಯಲಾಗುತ್ತದೆ. ಗಡ್ಡೆ ಒಡೆಯದಂತೆ ನೋಡಿಕೊಳ್ಳುವುದು ಅತಿ ಮುಖ್ಯ. ಒಡೆದರೆ ಅದರ ಕೋಶಗಳು ಉದರದೊಳಗೆ ಚೆಲ್ಲಿ ರೋಗ ಮರುಕಳಿಸುವ ಅಪಾಯ ಬಹಳ ಹೆಚ್ಚುತ್ತದೆ.

ಗಡ್ಡೆಯ ಗಾತ್ರ, ಸ್ಥಾನ ಹಾಗೂ ಕೋಶವಿಭಜನೆಯ ವೇಗವನ್ನು ಆಧರಿಸಿ ಮರುಕಳಿಕೆಯ ಸಾಧ್ಯತೆಯನ್ನು ಅಂದಾಜಿಸಲಾಗುತ್ತದೆ. ಅದು ಹೆಚ್ಚಾಗಿದ್ದು, ಜೀನಿನ ರೂಪಾಂತರವು ಔಷಧಕ್ಕೆ ಸ್ಪಂದಿಸುವಂತಹದಾಗಿದ್ದರೆ, ಶಸ್ತ್ರಚಿಕಿತ್ಸೆಯ ನಂತರ ಇಮಾಟಿನಿಬ್ ಮಾತ್ರೆಯನ್ನು ಸಾಮಾನ್ಯವಾಗಿ 3 ವರ್ಷ ನೀಡಲಾಗುತ್ತದೆ.