ಎರಡೂವರೆ ಲಕ್ಷ ಚೆಂಡು, ಒಂದು ಕಪ್ಪೆ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಗುಡ್ಡಗಳ ಮೇಲೆ ಬೆಳೆದ ಊರು. ಏಣಿ ಹತ್ತಿದಂತೆ ಏದುಸಿರು ಬಿಡಿಸುವ ಬೀದಿಗಳು ಅಲ್ಲಿ ಬೇಕಾದಷ್ಟಿವೆ. 2005ರಲ್ಲಿ ಅಂಥ ಬೀದಿಗಳ ಇಳಿಜಾರಿನಲ್ಲಿ ಬಣ್ಣಬಣ್ಣದ ಎರಡೂವರೆ ಲಕ್ಷ ಪುಟಿಚೆಂಡುಗಳನ್ನು ಹರಿಯಬಿಟ್ಟರು. ಗಾಳಿಯ ಒತ್ತಡದಿಂದ ಚೆಂಡು ಚಿಮ್ಮಿಸುವ ತೋಪುಗಳೂ ಇದ್ದವು. ಸೋನಿ ಕಂಪನಿಯ ಬ್ರಾವಿಯಾ ಟಿ.ವಿ.ಗಾಗಿ ಲಂಡನ್ನಿನ ಫ್ಯಾಲನ್ ಸಂಸ್ಥೆ ರೂಪಿಸಿದ ಜಾಹೀರಾತಿನ ಚಿತ್ರೀಕರಣವದು.

ನಿರ್ದೇಶಕ ಡೆನ್ಮಾರ್ಕಿನ ನಿಕೊಲಾಯ್ ಫುಗ್ಲ್‌ಸಿಗ್ ಮೊದಲು ಪತ್ರಿಕಾ ಛಾಯಾಗ್ರಾಹಕರಾಗಿದ್ದವರು. ಕಂಪ್ಯೂಟರಿನಲ್ಲಿ ಚೆಂಡು ಸೃಷ್ಟಿಸುವ ಸುಲಭದ ದಾರಿ ಎದುರಿಗಿತ್ತು. ಅದನ್ನು ಬಿಟ್ಟು, ನಿಜವಾಗಿ ನಡೆಯುವ ಘಟನೆಯೊಂದನ್ನು ಹಲವು ಕ್ಯಾಮೆರಾಗಳಲ್ಲಿ ಒಟ್ಟಿಗೇ ಹಿಡಿದರು. ಉರುಳಿಬಿಟ್ಟ ಚೆಂಡು ಯಾರ ಮಾತನ್ನೂ ಕೇಳುವುದಿಲ್ಲ. ಗೋಡೆಗೆ ಬಡಿಯುತ್ತದೆ, ಕಾರಿನ ಮೇಲೆ ಕುಪ್ಪಳಿಸುತ್ತದೆ, ಮರದ ಕೊಂಬೆಗಳ ನಡುವೆ ನುಸುಳುತ್ತದೆ. ಹೊಸೆ ಗೊನ್ಸಾಲೆಸ್ ಅವರ ಗಿಟಾರು, ಮೆಲುದನಿಯ ಹಾಡಿನ ಜೊತೆ ಇದೆಲ್ಲ ನಿಧಾನಗತಿಯಲ್ಲಿ ತೇಲಿಬರುತ್ತದೆ.

ಆ ಬಣ್ಣದ ಹೊಳೆಯ ನಡುವೆ, ಮನೆಯೊಂದರ ಮಳೆನೀರಿನ ಕೊಳವೆಯಿಂದ ಪುಟ್ಟ ಕಪ್ಪೆಯೊಂದು ಚಂಗನೆ ಹಾರುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದುಹೋಗುವ ದೃಶ್ಯ. ನನ್ನ ಮಟ್ಟಿಗೆ ಆ ಜಾಹೀರಾತಿನ ಜೀವ ಇರುವುದು ಅಲ್ಲೇ. ಎರಡೂವರೆ ಲಕ್ಷದ ಲೆಕ್ಕ ಕಣ್ಣು ತುಂಬುತ್ತದೆ; ಕಪ್ಪೆ ಮನಸ್ಸಿನಲ್ಲಿ ಉಳಿಯುತ್ತದೆ.

ಮರುವರ್ಷ ಅದೇ ಬ್ರಾವಿಯಾಗಾಗಿ ಜೊನಾಥನ್ ಗ್ಲೇಜರ್ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ವಸತಿ ಸಮುಚ್ಚಯವೊಂದನ್ನು ಆರಿಸಿಕೊಂಡರು. ಅಲ್ಲಿ 70,000 ಲೀಟರ್ ಬಣ್ಣ ಬಾಣಬಿರುಸಿನಂತೆ ಸಿಡಿಯಿತು. ಹಿನ್ನೆಲೆಗೆ ರೊಸ್ಸೀನಿಯ ಸಂಗೀತ. ಬೂದುಬಣ್ಣದ ಗೋಡೆಗಳ ಮೇಲೆ ಓಕುಳಿ ಎದ್ದಾಗ ಬಣ್ಣವೆಂದರೇನೆಂದು ಬೇರೆ ವಿವರಣೆ ಬೇಕಾಗಲಿಲ್ಲ.

2003ರ ಹೋಂಡಾ ಅಕಾರ್ಡ್ ಜಾಹೀರಾತಿನ ವೈಭವ ಇನ್ನೊಂದು ಬಗೆಯದು. ಒಂದು ಕೋಣೆ, ಅದರಲ್ಲಿ ಕಾರಿನ ಬಿಡಿಭಾಗಗಳು. ಒಂದು ಉರುಳಿ ಇನ್ನೊಂದಕ್ಕೆ ತಾಗುತ್ತದೆ, ಅದು ಮತ್ತೊಂದನ್ನು ತಳ್ಳುತ್ತದೆ. ಚಕ್ರಗಳು ಏರನ್ನು ತಾವಾಗಿ ಹತ್ತುವುದು ನೋಡಿದರೆ ಗಾರುಡಿ ಅನ್ನಿಸುತ್ತದೆ. ಒಳಗೆ ಒಂದು ಬದಿಗೆ ಕೂರಿಸಿದ ಭಾರವೇ ಅದರ ಗುಟ್ಟು. ಎರಡು ನಿಮಿಷದ ಈ ಚಿತ್ರವನ್ನು ಎರಡು ತುಂಡಾಗಿ ತೆಗೆದು ನಡುವೆ ಬೆಸೆದಿದ್ದಾರೆ. ಒಂದು ತಿರುಪು ಕೂದಲೆಳೆಯಷ್ಟು ತಪ್ಪಿದರೂ ಮತ್ತೆ ಮೊದಲಿನಿಂದ. ಆರುನೂರಕ್ಕೂ ಹೆಚ್ಚು ಟೇಕ್‌ಗಳ ಕಥೆ ಜಾಹೀರಾತು ಲೋಕದಲ್ಲಿ ಈಗಲೂ ಓಡಾಡುತ್ತದೆ.

ನಮಗೆ ಹತ್ತಿರದ ಉದಾಹರಣೆ 2009ರ ಐಪಿಎಲ್ ಹೊತ್ತಿನ ವೊಡಾಫೋನ್ ಜೂಜೂಗಳು. ಮೊಟ್ಟೆಯಂಥ ಬಿಳಿ ತಲೆ, ಕಡ್ಡಿಯಂಥ ಕೈಕಾಲು. ಕಾರ್ಟೂನ್ ಎಂದೇ ಬಹಳ ಜನ ನಂಬಿದ್ದರು. ಒಳಗಿದ್ದವರು ಮನುಷ್ಯರು! ಒಗಿಲ್ವಿ ಸಂಸ್ಥೆಯ ಈ ಕಲ್ಪನೆಯನ್ನು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮಾ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಚಿತ್ರೀಕರಿಸಿದರು. ಸಣಕಲು ಮೈಕಟ್ಟಿನ ಕಲಾವಿದರಿಗೆ ಬಿಳಿ ಉಡುಪು ತೊಡಿಸಿ, ನಗು-ಅಳುವಿನ ಮುಖಭಾವಗಳನ್ನು ರಬ್ಬರಿನಲ್ಲಿ ಮಾಡಿ ಅಂಟಿಸಿದರು. ಸೆಕೆಂಡಿಗೆ ಸಾಮಾನ್ಯವಾಗಿ 24 ಫ್ರೇಮ್ ತೆಗೆಯುವಲ್ಲಿ 20 ಮಾತ್ರ ತೆಗೆದರು. ತೆರೆಯ ಮೇಲೆ ನಡಿಗೆ ಚುರುಕಾಯಿತು, ಗೊಂಬೆಗೆ ಜೀವ ಬಂದಂತಾಯಿತು.

ಇವೆಲ್ಲವನ್ನೂ ಕಟ್ಟಿಹಾಕಿರುವ ನೂಲು ಒಂದೇ. ಹೇಳುವ ಮಾತು ಒಂದು, ಅದೂ ಚಿಕ್ಕದು: ನಮ್ಮ ಟಿ.ವಿ.ಯಲ್ಲಿ ಬಣ್ಣ ಚೆನ್ನ, ನಮ್ಮ ಕಾರಿನ ಭಾಗಗಳು ಅಚ್ಚುಕಟ್ಟು. ಅದನ್ನು ಸಾರಿ ಹೇಳುವ ಬದಲು ಕ್ಯಾಮೆರಾದ ಮುಂದೆ ಮಾಡಿ ತೋರಿಸುತ್ತಾರೆ. ದುಡ್ಡು ಸುರಿದ ಜಾಹೀರಾತುಗಳು ನೂರಾರು ಬಂದುಹೋಗಿವೆ. ಕೈಯಾರೆ ದುಡಿದು ತೆಗೆದವು ಮಾತ್ರ ನೆನಪಿನಲ್ಲಿವೆ.

ಈ ಭಾನುವಾರ ಬಿಡುವು ಮಾಡಿಕೊಂಡು ಬ್ರಾವಿಯಾದ ಚೆಂಡುಗಳನ್ನು ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಪ್ಪೆಯನ್ನು ಮೊದಲು ಕಾಣುವವರು ಅವರೇ.